ಸೈನಿಕ ತಂದೆಯನ್ನು ನೆನೆಯುವ ಬಗೆ



ನವೆಂಬರ್ ತಿಂಗಳನ್ನು ಧರ್ಮಸಭೆ ಮೃತ ವಿಶ್ವಾಸಿಗಳ ಸ್ಮರಣೆಗೆ ಮೀಸಲಿಟ್ಟಿದೆ. ಈ ತಿಂಗಳ 2ರಂದು ನಾವೆಲ್ಲರೂ ಸಮಾಧಿಭೂಮಿಗೆ ಹೋಗುತ್ತೇವೆ. ಕಳೆ ಕಿತ್ತು, ಕಲ್ಲು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ಗುರುಗಳು ಪವಿತ್ರ ಜಲ ಚಿಮುಕಿಸುತ್ತ ಬರುವವರೆಗೆ ಕಾಯುತ್ತೇವೆ. ಆ ಕಾಯುವ ಹೊತ್ತಿನಲ್ಲಿ ಮಣ್ಣಿನೊಳಗೆ ಮಲಗಿರುವವರನ್ನು ಕುರಿತು ನಮ್ಮ ಮನಸ್ಸಿನಲ್ಲಿ ಏನು ಓಡುತ್ತದೆ? ಅವರನ್ನು ನೆನೆಯುವುದು ಎಂದರೆ ಏನು ಮಾಡುವುದು? ಈ ವಾರ ಒಂದು ಬಗೆಯ ಮನೆಗಳನ್ನು ಕಣ್ಣಮುಂದೆ ಇಟ್ಟುಕೊಂಡು ಈ ಪ್ರಶ್ನೆಯನ್ನು ಅಭ್ಯಾಸ ಮಾಡೋಣ. ಅವು ಸೈನಿಕರ ಮನೆಗಳು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಗೆ ಸೈನ್ಯ ಹೊಸದಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರ 1922ರಿಂದ ಇದೆ. ಗಡಿಯಾಚೆ, ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ಒಂದು ಊರಿಗೆ ಸೈನಿಕ ಟಾಕಳಿ ಎಂದೇ ಹೆಸರು. ಮೀರಜ-ಬೆಳಗಾವಿ ರೈಲು ಮಾರ್ಗದ ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳಲ್ಲಿ ಕಬ್ಬಿಣದ ಟ್ರಂಕು ಹೊತ್ತು ರಜೆಗೆ ಇಳಿಯುವ ಜವಾನರು ನಮ್ಮ ಹಿರಿಯರಿಗೆ ಪರಿಚಿತ ನೋಟ. ಹದಿನೈದು, ಹದಿನೇಳು ವರ್ಷ ಸೇವೆ ಸಲ್ಲಿಸಿ, ನಲವತ್ತು ತುಂಬುವ ಮೊದಲೇ ಪಿಂಚಣಿ ಪಡೆದು ಊರಿಗೆ ಬಂದವರು ಎಷ್ಟೋ ಜನ. ಬಂದ ಮೇಲೆ ಕಬ್ಬು, ತಂಬಾಕಿನ ಹೊಲ ನೋಡಿಕೊಂಡರು, ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಂತರು, ಮಕ್ಕಳನ್ನು ಓದಿಸಿದರು. ಓಣಿಯ ಮಕ್ಕಳಿಗೆಲ್ಲ 'ಮಿಲ್ಟ್ರಿ ಕಾಕಾ' ಆದರು. ಒಂದು ದಿನ ತೀರಿಕೊಂಡರು.

ಅಂಥವರು ತೀರಿಕೊಂಡ ದಿನ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ಸಮವಸ್ತ್ರದ ಹಳೆಯ ಫೋಟೊ ಹುಡುಕಿ ದೊಡ್ಡದು ಮಾಡಿಸುತ್ತಾರೆ. ವೃತ್ತದಲ್ಲಿ ಬ್ಯಾನರು ಏಳುತ್ತದೆ. ಮಾಜಿ ಸೈನಿಕರ ಸಂಘದವರು ಬಂದು ವಂದನೆ ಸಲ್ಲಿಸುತ್ತಾರೆ. ಭಾಷಣಗಳಲ್ಲಿ ಅವರು ಧೀರರು, ನಿಷ್ಕಳಂಕರು, ಎಂದೂ ಸಿಟ್ಟಾಗದವರು. ಇದೆಲ್ಲ ಪ್ರೀತಿಯಿಂದ ನಡೆಯುವುದು. ತಪ್ಪೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಒಳಮನೆಯಲ್ಲಿ ಕುಳಿತ ಹೆಂಡತಿಗೆ ಮಾತ್ರ ಗೊತ್ತು, ತಾನು ಮೂವತ್ತು ನಲವತ್ತು ವರ್ಷ ಬಾಳಿದ್ದು ಆ ಬ್ಯಾನರಿನ ಮನುಷ್ಯನ ಜೊತೆಗಲ್ಲ ಎಂದು. ಅವಳ ಗಂಡನಿಗೆ ಒಳ್ಳೆಯತನವೂ ಇತ್ತು, ದೋಷವೂ ಇತ್ತು. ಆ ನಿಜವಾದ ಗಂಡನನ್ನು, ನಿಜವಾದ ಅಪ್ಪನನ್ನು ನೆನೆಯುವುದು ಹೇಗೆ? ಇದೇ ನಮ್ಮ ಇಂದಿನ ಪಾಠ.

1. ನಾಡು ನೆನೆಯುವುದು, ಮನೆ ನೆನೆಯುವುದು

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಾವಾರೂ ಮರೆತಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮಕುಸಿತಕ್ಕೆ ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರು ಸಿಲುಕಿದರು. ಆರನೆಯ ದಿನ ಹನುಮಂತಪ್ಪನವರು ಜೀವಂತವಾಗಿ ಸಿಕ್ಕರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಮಲಗಿದ್ದ ಮೂರು ದಿನ ದೇಶವೇ ಜಾತಿಮತ ಮರೆತು ಪ್ರಾರ್ಥಿಸಿತು. ಫೆಬ್ರವರಿ 11ರಂದು ಅವರು ಕೊನೆಯುಸಿರೆಳೆದರು. ಹಿಂದೆ ಉಳಿದವರಲ್ಲಿ ಎಳೆ ವಯಸ್ಸಿನ ಹೆಂಡತಿ ಇದ್ದರು, ಎರಡು ವರ್ಷವೂ ತುಂಬದ ಮಗಳಿದ್ದಳು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಎರಡು ವರ್ಷದ ಕೂಸಿಗೆ ಅಪ್ಪನ ಮುಖ ನೆನಪಿರುವುದಿಲ್ಲ. ನಾಡು ನೆನೆಯುವ ವೀರನ ಚಿತ್ರ ಅವಳಿಗೆ ಎಲ್ಲೆಲ್ಲೂ ಸಿಗುತ್ತದೆ. ಆದರೆ ಅಪ್ಪ ಹೇಗೆ ನಗುತ್ತಿದ್ದರು, ಊಟಕ್ಕೆ ಏನು ಬಯಸುತ್ತಿದ್ದರು, ಯಾವುದಕ್ಕೆ ಸಿಡುಕುತ್ತಿದ್ದರು ಎಂಬುದು ಮನೆಯವರ ಬಾಯಿಂದ ಮಾತ್ರ ಸಿಗಬೇಕು. ಸಿಯಾಚಿನ್ನಿನಲ್ಲಿ ಮಡಿದವರ ಮನೆಯ ಮಾತೇ ಹೀಗಾದರೆ, ಯುದ್ಧ ಮುಗಿಸಿ ಮನೆಗೆ ಮರಳಿ, ಎಪ್ಪತ್ತರ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆಯಿಂದಲೋ ಹೃದಯಾಘಾತದಿಂದಲೋ ತೀರಿಕೊಂಡ ಹವಾಲ್ದಾರರ ಮಾತೇನು? ಅವರಿಗಾಗಿ ಟಿ.ವಿ.ಯ ಮುಂದೆ ಯಾರೂ ಕೂರುವುದಿಲ್ಲ. ಅವರ ನೆನಪು ಪೂರ್ತಿಯಾಗಿ ಮನೆಯವರ ಕೈಯಲ್ಲಿ, ಧರ್ಮಕೇಂದ್ರದ ಕೈಯಲ್ಲಿ ಉಳಿಯುತ್ತದೆ.

2. ಯೂದ ಮಕ್ಕಬಿಯ ಕಲಿಸುವ ಪಾಠ

ಮೃತರಿಗಾಗಿ ಪ್ರಾರ್ಥಿಸಬೇಕು ಎಂಬ ನಮ್ಮ ಬೋಧನೆಗೆ ಆಧಾರವಾಗಿ ಧರ್ಮಸಭೆ ಸದಾ ತೋರಿಸುವ ಭಾಗ ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿದೆ (2 ಮಕ್ಕ 12:38-45). ಆ ಪ್ರಸಂಗ ಸತ್ತ ಸೈನಿಕರನ್ನು ಕುರಿತದ್ದು ಎಂಬುದನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ.

ಕ್ರಿಸ್ತಪೂರ್ವ ಎರಡನೆಯ ಶತಮಾನ. ಯೂದ ಮಕ್ಕಬಿಯನ ಪಡೆ ಗೊರ್ಗಿಯನ ವಿರುದ್ಧ ಹೋರಾಡಿ ಗೆದ್ದಿತು. ಯೂದನ ಕಡೆಯವರೂ ಕೆಲವರು ಸತ್ತರು. ಸಬ್ಬತ್ ದಿನ ಕಳೆದ ಮೇಲೆ, ಶವಗಳನ್ನು ತಂದು ಅವರವರ ಪೂರ್ವಜರ ಸಮಾಧಿಗಳಲ್ಲಿ ಬಂಧುಗಳ ಪಕ್ಕದಲ್ಲಿ ಇಡಬೇಕೆಂದು ಜೊತೆಗಾರರು ಹೋದರು. ಎತ್ತುವಾಗ ನೋಡುತ್ತಾರೆ: ಸತ್ತ ಒಬ್ಬೊಬ್ಬನ ಅಂಗಿಯ ಒಳಗೂ ಯಾಮ್ನಿಯದ ವಿಗ್ರಹಗಳ ತಾಯಿತ. ಯೆಹೂದ್ಯರಿಗೆ ಕಟ್ಟುನಿಟ್ಟಾಗಿ ನಿಷೇಧಿಸಿದ್ದ ವಸ್ತು ಅದು. ದೇವರಿಗಾಗಿ ಹೋರಾಡಿ ಸತ್ತವರ ಎದೆಯ ಮೇಲೆಯೇ ಅದು ಸಿಕ್ಕಿತು.

ಆಗ ಯೂದ ಮೂರು ದಾರಿಗಳಲ್ಲಿ ಒಂದನ್ನು ಹಿಡಿಯಬಹುದಾಗಿತ್ತು. ತಾಯಿತಗಳನ್ನು ಯಾರಿಗೂ ಕಾಣದಂತೆ ಕಿತ್ತೆಸೆದು, ಇವರೆಲ್ಲ ನಿಷ್ಕಳಂಕ ವೀರರು ಎಂದು ಸಾರಬಹುದಾಗಿತ್ತು. ಇಲ್ಲವೇ ಇವರು ದ್ರೋಹಿಗಳು ಎಂದು ಶವಗಳನ್ನು ಬಯಲಲ್ಲೇ ಬಿಟ್ಟು ಹೋಗಬಹುದಾಗಿತ್ತು. ಅವನು ಹಿಡಿದದ್ದು ಮೂರನೆಯ ದಾರಿ. ನಡೆದ ತಪ್ಪನ್ನು ಎಲ್ಲರೂ ಒಪ್ಪಿಕೊಂಡರು. ಮರೆಯಾದುದನ್ನು ಬಯಲಿಗೆ ತರುವ ದೇವರನ್ನು ಸ್ತುತಿಸಿದರು. ಆ ಪಾಪ ಅಳಿಸಿಹೋಗಲಿ ಎಂದು ಸತ್ತವರ ಪರವಾಗಿ ಬೇಡಿದರು. ಯೂದ ಪ್ರತಿಯೊಬ್ಬನಿಂದ ಕಾಣಿಕೆ ಎತ್ತಿ, ಸುಮಾರು ಎರಡು ಸಾವಿರ ಬೆಳ್ಳಿಯ ದ್ರಾಕ್ಮಗಳನ್ನು ಪಾಪಪರಿಹಾರ ಬಲಿಗಾಗಿ ಜೆರುಸಲೇಮಿಗೆ ಕಳಿಸಿದನು. ಸತ್ತವರು ಏಳುತ್ತಾರೆ ಎಂಬ ನಂಬಿಕೆ ಇಲ್ಲದಿದ್ದರೆ ಈ ಖರ್ಚು, ಈ ಪ್ರಾರ್ಥನೆ ವ್ಯರ್ಥವಾಗುತ್ತಿತ್ತು ಎಂದು ಪವಿತ್ರ ಗ್ರಂಥವೇ ವಿವರಿಸುತ್ತದೆ.

ಈ ಪ್ರಸಂಗದ ತಿರುಳು ಇಷ್ಟು: ತಪ್ಪು ಕಂಡರೂ ಪ್ರೀತಿ ಬಿಡಲಿಲ್ಲ, ಪ್ರೀತಿ ಇದ್ದರೂ ತಪ್ಪನ್ನು ಮುಚ್ಚಲಿಲ್ಲ. ಇವೆರಡನ್ನೂ ಒಟ್ಟಿಗೆ ಹಿಡಿಯಲು ಸಾಧ್ಯವಾದದ್ದು ಪ್ರಾರ್ಥನೆಯಿಂದ.

ಪತ್ರಿಕೆಗಳಲ್ಲಿ ಮಡಿದ ಸೈನಿಕರನ್ನು 'ಹುತಾತ್ಮ' ಎನ್ನುತ್ತಾರೆ. ನಾಡಿನ ಭಾಷೆಯಲ್ಲಿ ಅದು ಸರಿಯಾದ ಗೌರವ. ಧರ್ಮಸಭೆಯ 'ರಕ್ತಸಾಕ್ಷಿ' ಎಂಬ ಪದ ಬೇರೆ. ರಕ್ತಸಾಕ್ಷಿಗಳಿಗಾಗಿ ನಾವು ಪ್ರಾರ್ಥಿಸುವುದಿಲ್ಲ. ನಮಗಾಗಿ ಪ್ರಾರ್ಥಿಸಿರೆಂದು ಅವರನ್ನೇ ಕೇಳಿಕೊಳ್ಳುತ್ತೇವೆ. ಸಂತ ಅಗಸ್ಟೀನರು ಇದನ್ನು ಸ್ಪಷ್ಟವಾಗಿ ಬೋಧಿಸಿದ್ದಾರೆ. ನಮ್ಮ ಅಪ್ಪನಿಗಾಗಿಯಾದರೋ ನಾವು ಪ್ರಾರ್ಥಿಸುತ್ತೇವೆ. ಅಂದರೆ ಅವರಿಗೆ ಇನ್ನೂ ನಮ್ಮ ಸಹಾಯ ಬೇಕು ಎಂದು ಒಪ್ಪಿಕೊಂಡಂತಾಯಿತು. ಹೊಗಳಿಕೆಯ ಭಾಷಣ, ಇವರಿಗೆ ಇನ್ನೇನೂ ಬೇಕಿಲ್ಲ ಎಂದು ಮುಗಿಸಿಬಿಡುತ್ತದೆ. ಪೂಜೆ ಮಾಡಿಸುವ ಮಗಳು, ಅಪ್ಪನಿಗೆ ಇನ್ನೂ ನಾನು ಬೇಕು ಎನ್ನುತ್ತಾಳೆ. ಎರಡರಲ್ಲಿ ಯಾವುದು ಹೆಚ್ಚಿನ ಪ್ರೀತಿ, ನೀವೇ ಯೋಚಿಸಿ.

3. ಮಾತಾಡದೆ ಉಳಿದ ಗಾಯ

ಸೈನಿಕರ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ಅವರು ಯುದ್ಧದ ವಿಷಯ ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಕೆಲವರು ರಾತ್ರಿ ಬೆಚ್ಚಿ ಏಳುತ್ತಿದ್ದರು. ಕೆಲವರು ಕುಡಿತಕ್ಕೆ ಬಿದ್ದರು. ಕೆಲವರು ಪಲ್ಟನ್ನಿನ ಶಿಸ್ತನ್ನು ಅಡುಗೆಮನೆಗೂ ತಂದು, ಮಕ್ಕಳು ಎದುರು ಕೂರಲು ಹೆದರುವಂತೆ ಮಾಡಿದರು. ಇಂಥ ಅಪ್ಪ ತೀರಿಕೊಂಡಾಗ ಮಕ್ಕಳ ಮನಸ್ಸಿನಲ್ಲಿ ದುಃಖವೂ ಇರುತ್ತದೆ, ಹಳೆಯ ಸಿಟ್ಟೂ ಇರುತ್ತದೆ, ಸಿಟ್ಟಿದೆಯಲ್ಲ ಎಂಬ ನಾಚಿಕೆಯೂ ಇರುತ್ತದೆ.

ಧರ್ಮಸಭೆಗೆ ಈ ಗಾಯ ಹೊಸದಲ್ಲ. ನಾಲ್ಕನೆಯ ಶತಮಾನದಲ್ಲಿ ಧರ್ಮಾಧ್ಯಕ್ಷರಾಗಿದ್ದ ಸಂತ ಬಾಸಿಲರು, ಯುದ್ಧದಲ್ಲಿ ಕೊಂದವರನ್ನು ಕೊಲೆಗಾರರೆಂದು ಎಣಿಸಬಾರದು ಎಂಬ ಹಿರಿಯರ ನಿಲುವನ್ನು ಒಪ್ಪಿದರು. ಆದರೂ ಅವರ ಕೈ ಶುದ್ಧವಿಲ್ಲವಾದ್ದರಿಂದ ಮೂರು ವರ್ಷ ಪರಮಪ್ರಸಾದದಿಂದ ದೂರವಿರುವುದು ಒಳ್ಳೆಯದು ಎಂದು ಸಲಹೆಯಿತ್ತರು. ಇಂದು ಅಂಥ ನಿಯಮವಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ತನ್ನ ದಾಖಲೆಯಲ್ಲಿ, ದೇಶಸೇವೆಯ ಸೈನಿಕರು ಕರ್ತವ್ಯವನ್ನು ಸರಿಯಾಗಿ ನೆರವೇರಿಸಿದರೆ ಶಾಂತಿ ಕಾಪಾಡುವುದಕ್ಕೆ ನಿಜವಾಗಿ ನೆರವಾಗುತ್ತಾರೆ ಎಂದು ಬೋಧಿಸಿತು. ಆದರೂ ಬಾಸಿಲರ ಸಲಹೆಯಲ್ಲಿ ಒಂದು ಸತ್ಯವಿದೆ. ನ್ಯಾಯವಾದ ಕಾರಣಕ್ಕೆ ಬಂದೂಕು ಹಿಡಿದವನೂ ಮನೆಗೆ ಬಂದ ಮರುದಿನವೇ ಮೊದಲಿನಂತೆ ಆಗಿಬಿಡುವುದಿಲ್ಲ. ಅವನಿಗೆ ಸಮಯ ಬೇಕು, ಆರೈಕೆ ಬೇಕು. ಎಷ್ಟೋ ಜನ ನಮ್ಮ ಹಿರಿಯರಿಗೆ ಆ ಆರೈಕೆ ಸಿಗಲಿಲ್ಲ. ರೈಲು ಇಳಿದು ನೇರವಾಗಿ ಹೊಲಕ್ಕೆ ಹೋದರು. ಇದನ್ನು ತಿಳಿದಾಗ ಅಪ್ಪನ ಸಿಡುಕು ಸರಿಯಾಗಿತ್ತು ಎಂದಾಗುವುದಿಲ್ಲ. ಅದು ಎಲ್ಲಿಂದ ಬಂದಿರಬಹುದು ಎಂಬುದು ಮಾತ್ರ ಅರ್ಥವಾಗುತ್ತದೆ. ಕ್ಷಮಿಸುವುದಕ್ಕೆ ಇದು ಮೊದಲ ಮೆಟ್ಟಿಲು.

ಇಲ್ಲಿ ಸಂತ ಅಗಸ್ಟೀನರ ಮನೆಯನ್ನೇ ನೋಡೋಣ. ಅವರ ತಂದೆ ಪತ್ರೀಸಿಯಸ್ ಸೈನಿಕನಾಗಿರಲಿಲ್ಲ. ಇಂದಿನ ಅಲ್ಜೀರಿಯದಲ್ಲಿರುವ ತಗಾಸ್ತೆ ಪಟ್ಟಣದ ನಗರಸಭಾ ಸದಸ್ಯ. ಬಹಳ ಮುಂಗೋಪಿ, ಹೆಂಡತಿಗೆ ನಿಷ್ಠನಾಗಿರದವನು. ಇದನ್ನು ಅಗಸ್ಟೀನರು ತಮ್ಮ 'ಕನ್ಫೆಷನ್ಸ್' ಗ್ರಂಥದಲ್ಲಿ ಮರೆಮಾಚಲಿಲ್ಲ. ಅದೇ ತಂದೆ ತನ್ನ ಶಕ್ತಿಗೆ ಮೀರಿ ಖರ್ಚು ಮಾಡಿ ಮಗನನ್ನು ದೂರದೂರಿಗೆ ಓದಲು ಕಳಿಸಿದ್ದನ್ನೂ, ಕೊನೆಗಾಲದಲ್ಲಿ ಕ್ರೈಸ್ತನಾದದ್ದನ್ನೂ ಬರೆದರು. ತಾಯಿ ಮೋನಿಕ ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಸಮಾಧಿ ಸಿದ್ಧಮಾಡಿಕೊಂಡಿದ್ದರು. ಆದರೆ 387ರಲ್ಲಿ ದೂರದ ಒಸ್ತಿಯ ಬಂದರಿನಲ್ಲಿ ಸಾಯುವಾಗ, ದೇಹವನ್ನು ಎಲ್ಲಿಯಾದರೂ ಹೂಳಿರಿ, ಪ್ರಭುವಿನ ಬಲಿಪೀಠದ ಬಳಿ ಮಾತ್ರ ನನ್ನನ್ನು ನೆನೆಯಿರಿ ಎಂದು ಮಕ್ಕಳಿಗೆ ಹೇಳಿದರು. ಅಗಸ್ಟೀನರು ಆ ಕೋರಿಕೆಯನ್ನು ತಾಯಿಯೊಬ್ಬರಿಗೇ ಸೀಮಿತಗೊಳಿಸಲಿಲ್ಲ. ಓದುವವರೆಲ್ಲ ತಂದೆ ಪತ್ರೀಸಿಯಸನನ್ನೂ ಬಲಿಪೀಠದ ಮುಂದೆ ನೆನೆಯಬೇಕೆಂದು ಬೇಡಿಕೊಂಡರು. ದೋಷ ಹೇಳಿದ ಅದೇ ಪುಸ್ತಕದಲ್ಲಿ ಮಗ ತಂದೆಗಾಗಿ ಪ್ರಾರ್ಥನೆಯನ್ನೂ ಕೇಳಿದನು.

4. ಸಂಖ್ಯೆಯಲ್ಲ, ಹೆಸರು

ಒಂದನೆಯ ಮಹಾಯುದ್ಧದಲ್ಲಿ ಇಂದಿನ ಮರಾಠಾ ದಳದ ಪೂರ್ವಿಕ ಪಲ್ಟನ್‌ಗಳಾದ 103, 110, 117ನೆಯ ಪಡೆಗಳು ಇಂದಿನ ಇರಾಕಿನಲ್ಲಿ ಹೋರಾಡಿದವು. ಕುತ್ ಎಂಬ ಊರಿನಲ್ಲಿ 1915ರ ಡಿಸೆಂಬರಿನಿಂದ ಮುತ್ತಿಗೆಗೆ ಸಿಕ್ಕಿ, ಹಸಿವಿನಿಂದ ಬಳಲಿ, 1916ರ ಏಪ್ರಿಲ್ 29ರಂದು ಶರಣಾದ ಸೇನೆಯಲ್ಲಿ ಅವರೂ ಇದ್ದರು. ಆ ರಣರಂಗದಲ್ಲಿ ಮಡಿದು ಸಮಾಧಿ ಗೊತ್ತಿಲ್ಲದವರಿಗಾಗಿ ಬಸ್ರಾದಲ್ಲಿ 1929ರಲ್ಲಿ ಸ್ಮಾರಕ ತೆರೆಯಲಾಯಿತು. ಅದು ನಲವತ್ತು ಸಾವಿರಕ್ಕೂ ಮಿಕ್ಕಿದವರ ಸ್ಮಾರಕ. ಆದರೆ ಕಲ್ಲಿನ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರನ್ನು ಮಾತ್ರ ಕೆತ್ತಿದರು. ಸಾಮಾನ್ಯ ಸಿಪಾಯಿಗಳದ್ದು ಪಲ್ಟನ್ನಿನ ಹೆಸರಿನ ಕೆಳಗೆ ಬರೀ ಸಂಖ್ಯೆ. ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗ ಈ ಅಸಮಾನತೆಯನ್ನು 2021ರಲ್ಲಿ ತನ್ನ ವರದಿಯಲ್ಲೇ ಒಪ್ಪಿಕೊಂಡು ಕ್ಷಮೆ ಕೇಳಿತು. ಸಿಪಾಯಿಯ ತಾಯಿಗೆ, ಹೆಂಡತಿಗೆ ಅವನು ಸಂಖ್ಯೆಯಾಗಿರಲಿಲ್ಲ.

ಧರ್ಮಸಭೆ ಆದಿಕಾಲದಿಂದಲೂ ಮೃತರನ್ನು ಹೆಸರು ಹಿಡಿದು ನೆನೆದಿದೆ. ಮೊದಲ ಶತಮಾನಗಳಲ್ಲಿ ಎರಡು ಹಲಗೆಗಳ ಮೇಲೆ ಜೀವಂತರ ಹೆಸರನ್ನೂ ಮೃತರ ಹೆಸರನ್ನೂ ಬರೆದಿಟ್ಟು ಪೂಜೆಯಲ್ಲಿ ಓದುತ್ತಿದ್ದರು. ಕ್ಲೂನಿ ಮಠದ ಅಧಿಪತಿ ಸಂತ ಓದಿಲೊ 998ರ ಸುಮಾರಿಗೆ ತಮ್ಮ ಮಠಗಳಲ್ಲಿ ನವೆಂಬರ್ 2ರ ಆಚರಣೆಯನ್ನು ಆರಂಭಿಸಿದರು. ಈ ದಿನ ಪ್ರತಿಯೊಬ್ಬ ಗುರು ಮೂರು ಬಲಿಪೂಜೆ ಅರ್ಪಿಸಬಹುದೆಂಬ ಅನುಮತಿ ಇಡೀ ಧರ್ಮಸಭೆಗೆ ದೊರೆತದ್ದು 1915ರ ಆಗಸ್ಟ್ 10ರಂದು, ಜಗದ್ಗುರು ಹದಿನೈದನೆಯ ಬೆನೆಡಿಕ್ಟರಿಂದ. ಯುದ್ಧದಲ್ಲಿ ಲಕ್ಷಾಂತರ ಜನ ಸಾಯುತ್ತಿದ್ದ ವರ್ಷ ಅದು. ನವೆಂಬರ್ 2ರಂದು ನಿಮ್ಮ ಧರ್ಮಕೇಂದ್ರದಲ್ಲಿ ಒಂದಕ್ಕಿಂತ ಹೆಚ್ಚು ಪೂಜೆ ನಡೆದರೆ, ಅದರ ಹಿಂದೆ ಆ ಸೈನಿಕರ ಸಾವೂ ಇದೆ ಎಂದು ನೆನಪಿಡಿ.

ಹೆಸರಿನಂತೆಯೇ ಮಣ್ಣು. ಜಾರ್ಖಂಡದ ಜಾರಿ ಗ್ರಾಮದ ಕ್ರೈಸ್ತ ಆದಿವಾಸಿ ಕುಟುಂಬದ ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ 1971ರ ಡಿಸೆಂಬರಿನಲ್ಲಿ ಗಂಗಾಸಾಗರದ ಕಾಳಗದಲ್ಲಿ ಮಡಿದು ಪರಮವೀರ ಚಕ್ರ ಪಡೆದರು. ಅವರನ್ನು ಹೂಳಿದ್ದು ದೂರದ ಅಗರ್ತಲಾದ ಬಳಿ. ಆ ಸಮಾಧಿಯ ಮಣ್ಣು ಊರಿಗೆ ಬಂದದ್ದು 2016ರಲ್ಲಿ, ನಲವತ್ತನಾಲ್ಕು ವರ್ಷಗಳ ಮೇಲೆ. ಪದಕ ಮನೆಯಲ್ಲಿತ್ತು, ಹೆಂಡತಿ ಬಯಸಿದ್ದು ಗಂಡನ ಸಮಾಧಿಯ ಒಂದು ಹಿಡಿ ಮಣ್ಣು. ನಮ್ಮ ಅಪ್ಪನ ಸಮಾಧಿ ನಡೆದು ಹೋಗುವಷ್ಟು ಹತ್ತಿರವಿರುವುದು ಎಂಥ ಭಾಗ್ಯ ಎಂಬುದು ನಮಗೆ ತಿಳಿಯಬೇಕು. ನವೆಂಬರ್ 1ರಿಂದ 8ರವರೆಗೆ ಸಮಾಧಿಭೂಮಿಗೆ ಭಕ್ತಿಯಿಂದ ಹೋಗಿ ಮೃತರಿಗಾಗಿ ಪ್ರಾರ್ಥಿಸುವವರು, ಪಾಪನಿವೇದನೆ, ಪರಮಪ್ರಸಾದ, ಜಗದ್ಗುರುಗಳ ಉದ್ದೇಶಕ್ಕಾಗಿ ಪ್ರಾರ್ಥನೆ ಮುಂತಾದ ನಿಬಂಧನೆಗಳನ್ನು ಪೂರೈಸಿದರೆ, ಉತ್ತರಿಸುವ ಸ್ಥಳದಲ್ಲಿರುವ ಆತ್ಮಕ್ಕೆ ಪೂರ್ಣ ದಂಡವಿಮೋಚನೆಯನ್ನು ಅರ್ಪಿಸಬಹುದು.

5. ಬರೆದಿಡಿ

ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು; 1953ರಲ್ಲಿ ನಿವೃತ್ತರಾಗಿ, 1993ರ ಮೇ 15ರಂದು ತೀರಿಕೊಂಡರು. 1965ರ ಯುದ್ಧದಲ್ಲಿ ವಾಯುಸೇನೆಯಲ್ಲಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಅವರಿಂದ ವಿಶೇಷ ಸೌಲಭ್ಯದ ಮಾತು ಬಂದಾಗ, ಸೆರೆಯಲ್ಲಿರುವ ಎಲ್ಲ ಸೈನಿಕರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂದು ಈ ತಂದೆ ಉತ್ತರಿಸಿದರು. ಮುಂದೆ ಏರ್ ಮಾರ್ಷಲ್ ಆದ ಆ ಮಗನೇ ತಂದೆಯ ಜೀವನಚರಿತ್ರೆ ಬರೆದರು. ಸೇನೆಯ ದಾಖಲೆಗಳಲ್ಲಿ ದಂಡನಾಯಕ ಸಿಗುತ್ತಾನೆ. ಅಪ್ಪನನ್ನು ಮಗನೇ ಬರೆಯಬೇಕಾಯಿತು.

ನಮ್ಮ ಅಪ್ಪ ದಂಡನಾಯಕರಲ್ಲ ಎಂದು ಸುಮ್ಮನಿರಬೇಡಿ. ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಸೇನೆ ಸೇರಿದ ವರ್ಷ, ಪಲ್ಟನ್, ಕೆಲಸ ಮಾಡಿದ ಊರುಗಳು, ಜೊತೆಗಾರರ ಹೆಸರು, ಮದುವೆ, ಮಕ್ಕಳ ದೀಕ್ಷಾಸ್ನಾನ, ಇಷ್ಟವಾದ ಪ್ರಾರ್ಥನೆ, ಅವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತು, ಮಾಡಿದ ಉಪಕಾರ, ಕೊಟ್ಟ ನೋವು, ಅವರು ಕೇಳಿದ ಕ್ಷಮೆ, ನೀವು ಕೇಳದೆ ಉಳಿಸಿಕೊಂಡ ಕ್ಷಮೆ. ಅವ್ವ ಕನ್ನಡದಲ್ಲಿ ಹೇಳಲಿ, ಮರಾಠಿಯಲ್ಲಿ ಹೇಳಲಿ, ಹೇಳಿದಂತೆಯೇ ಬರೆಯಿರಿ. ಅವ್ವನ ಪಾಲನ್ನು ಮರೆಯಬೇಡಿ. ಅಪ್ಪ ಗಡಿಯಲ್ಲಿದ್ದ ವರ್ಷಗಳಲ್ಲಿ ಹೊಲ, ಮನೆ, ಮಕ್ಕಳ ಜ್ವರ, ಅತ್ತೆ ಮಾವನ ಆರೈಕೆ ಎಲ್ಲವನ್ನೂ ಹೊತ್ತವರು ಅವರು. ಅವರ ಕಥೆ ಬಿಟ್ಟು ಅಪ್ಪನ ಕಥೆ ಬರೆದರೆ ಅದು ಅರ್ಧ ಕಥೆ.

ತಡಮಾಡಬೇಡಿ. 2005ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ, ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿ ನಮ್ಮ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ನೀವೇ ಕಂಡಿದ್ದೀರಿ. ಜನ ಜೀವ ಉಳಿಸಿಕೊಂಡು ಓಡುವಾಗ ಟ್ರಂಕು ಹೊತ್ತು ಓಡಲಾಗುವುದಿಲ್ಲ. ಡಿಸ್ಚಾರ್ಜ್ ಪುಸ್ತಕ, ಪತ್ರಗಳು, ಫೋಟೊಗಳು ಒಮ್ಮೆ ನೆನೆದು ಹೋದರೆ ಹೋದಂತೆ. ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು ಎರಡು ಮೂರು ಮನೆಗಳಲ್ಲಿ ಉಳಿಸಿಡಿ.

6. ಉಳಿದವರ ಋಣ

ಸಂತ ಪೌಲರು ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲಿ, ವಿಧವೆಗೆ ಮಕ್ಕಳು ಮೊಮ್ಮಕ್ಕಳಿದ್ದರೆ, ಅವರು ಮೊದಲು ತಮ್ಮ ಮನೆಯವರಿಗೆ ಕರ್ತವ್ಯ ಸಲ್ಲಿಸಿ ಹೆತ್ತವರ ಋಣ ತೀರಿಸುವುದನ್ನು ಕಲಿಯಲಿ ಎಂದು ಹೇಳುತ್ತಾರೆ (1 ತಿಮೊ 5:3-4). ಅಪ್ಪನ ದೊಡ್ಡ ಫೋಟೊಕ್ಕೆ ಹಾರ ಹಾಕಿ, ಅವ್ವನನ್ನು ಒಬ್ಬೊಬ್ಬ ಮಗನ ಮನೆಯಲ್ಲಿ ತಿಂಗಳ ಲೆಕ್ಕದಲ್ಲಿ ಇರಿಸುವ ಮನೆಗಳು ನಮ್ಮಲ್ಲಿ ಇಲ್ಲವೇ? ಪಿಂಚಣಿ ಬರುವ ದಿನ ಮಾತ್ರ ಅವ್ವನ ನೆನಪಾಗುವ ಮನೆಗಳು ಇಲ್ಲವೇ?

ಆದ್ದರಿಂದ ಕೆಲವು ವ್ಯಾವಹಾರಿಕ ಮಾತುಗಳು. ಸೈನಿಕನ ಹೆಂಡತಿಗೆ ಗಂಡನ ಮರಣಾನಂತರ ಕುಟುಂಬ ಪಿಂಚಣಿ ಸಲ್ಲುತ್ತದೆ. ಸಾಮಾನ್ಯ ದರದಲ್ಲಿ ಅದು ಕೊನೆಯ ವೇತನದ ಶೇಕಡ 30. ತೊಂದರೆ ಬರುವುದು ಹೆಚ್ಚಾಗಿ ಹೆಸರಿನಲ್ಲಿ. ದೀಕ್ಷಾಸ್ನಾನದ ಹೆಸರು ಒಂದು, ಮನೆಯಲ್ಲಿ ಕರೆಯುವ ಹೆಸರು ಒಂದು, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ಸೇನೆಯ ದಾಖಲೆಯಲ್ಲಿ ಮತ್ತೊಂದು ಇದ್ದರೆ ಕಾಗದಗಳು ಅಲೆದಾಡುತ್ತವೆ. ಯಜಮಾನರು ಬದುಕಿರುವಾಗಲೇ ಪಿಂಚಣಿ ಆದೇಶದಲ್ಲಿ ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ ಸರಿಯಾಗಿವೆಯೇ ನೋಡಿಕೊಳ್ಳಿ. ತಿದ್ದುಪಡಿ ಬೇಕಿದ್ದರೆ ಸೇನೆಯ ದಾಖಲೆ ಕಚೇರಿಗೆ ಬರೆಯಬೇಕು. ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಮಾರ್ಗದರ್ಶನ ಸಿಗುತ್ತದೆ. 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಸದಸ್ಯರಾಗಿದ್ದರೆ ಆ ಕಾರ್ಡು ಅವ್ವನಿಗೂ ನಡೆಯುತ್ತದೆ. ಪಿಂಚಣಿ ಪಡೆಯುವವರು ಪ್ರತಿವರ್ಷ ತಾವು ಬದುಕಿದ್ದೇವೆ ಎಂಬ ಪ್ರಮಾಣಪತ್ರ ಕೊಡಬೇಕು. ಬಹಳ ಜನರಿಗೆ ಅದರ ತಿಂಗಳೂ ನವೆಂಬರ್. ಅಪ್ಪನ ಸಮಾಧಿಗೆ ಹೂವು ಒಯ್ಯುವ ಮಗ ಅದೇ ವಾರ ಅವ್ವನನ್ನು ಬ್ಯಾಂಕಿಗೆ ಕೈಹಿಡಿದು ಕರೆದೊಯ್ದರೆ, ಎರಡೂ ಒಂದೇ ಸ್ಮರಣೆಯ ಎರಡು ಭಾಗಗಳು.

ಅಪ್ಪನ ಹೊಲದ ಹಂಚಿಕೆಗಾಗಿ ಅಣ್ಣತಮ್ಮಂದಿರು ಮಾತುಬಿಟ್ಟಿದ್ದರೆ, ಆ ಮನೆಯ ವರ್ಷದ ಪೂಜೆಗೆ ಮೊದಲು ಆಗಬೇಕಾದ ಕೆಲಸ ಯಾವುದು ಎಂಬುದನ್ನು ಪ್ರಭು ಯೇಸುವೇ ಹೇಳಿದ್ದಾರೆ (ಮತ್ತಾ 5:23-24). ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಒಂದಾಗಬೇಕು.

7. ಮನೆಯಲ್ಲಿ ಒಂದು ಸಂಜೆ

ಈ ತಿಂಗಳಲ್ಲಿ ಒಂದು ಸಂಜೆಯನ್ನು ಇದಕ್ಕಾಗಿ ಗೊತ್ತುಮಾಡಿ. ಕ್ರಮ ಸರಳವಾಗಿರಲಿ. ಎಲ್ಲರೂ ಸೇರಿದ ಮೇಲೆ ಅಪ್ಪನ ಫೋಟೊ ಇಟ್ಟು ದೀಪ ಹಚ್ಚಿ. ಮಕ್ಕಬಿಯರ ಗ್ರಂಥದ ಮೇಲಿನ ಭಾಗವನ್ನು ಒಬ್ಬರು ಓದಲಿ. ಅನಂತರ ಅವ್ವನಿಂದ ಆರಂಭಿಸಿ ಒಬ್ಬೊಬ್ಬರೂ ಅಪ್ಪನ ಬಗ್ಗೆ ಒಂದು ನಿಜವಾದ ಸಂಗತಿ ಹೇಳಲಿ. ಹೊಗಳಿಕೆಯೇ ಆಗಬೇಕೆಂದಿಲ್ಲ, ನಗು ತರುವ ಮಾತೂ ಇರಬಹುದು, ಕಣ್ಣೀರು ತರುವ ಮಾತೂ ಇರಬಹುದು. ಯಾರಾದರೂ ನೋವಿನ ಮಾತು ಆಡಿದರೆ ತಡೆಯಬೇಡಿ, ವಾದಕ್ಕೆ ಇಳಿಯಬೇಡಿ. ಸ್ವಲ್ಪ ಹೊತ್ತು ಮೌನ. ಜಪಸರದ ಒಂದು ಹತ್ತು. ಕೊನೆಗೆ ಎಲ್ಲರೂ ಕೂಡಿ ಹೀಗೆ ಬೇಡಿಕೊಳ್ಳಬಹುದು:

ಕರುಣಾಳು ದೇವರೇ, ನಮಗೆ ನೀವು ಕೊಟ್ಟ ಅಪ್ಪನಿಗಾಗಿ ವಂದನೆ. ಅವರು ಮಾಡಿದ ಒಳಿತಿಗೆ ಪ್ರತಿಫಲ ನೀಡಿರಿ. ಅವರು ಹೇಳಲಾಗದೆ ಹೊತ್ತುಕೊಂಡು ಹೋದ ಗಾಯಗಳನ್ನು ವಾಸಿಮಾಡಿರಿ. ಅವರಿಂದಾದ ತಪ್ಪುಗಳನ್ನು ಮನ್ನಿಸಿರಿ, ನಾವೂ ಮನ್ನಿಸುತ್ತೇವೆ. ನಮ್ಮಿಂದ ಅವರಿಗಾದ ನೋವನ್ನು ಅವರೂ ನೀವೂ ಮನ್ನಿಸಿರಿ. ಅವರ ಕೈಯಲ್ಲಿ ಮಡಿದವರಿಗೂ, ಅವರ ಜೊತೆಗೆ ಮಡಿದವರಿಗೂ ಶಾಂತಿ ನೀಡಿರಿ. ಆಮೆನ್.

ಚಿಂತನೆಗೆ

ನಮ್ಮ ಮನೆಯ ಮೃತರನ್ನು ಹೊಗಳುವ ಭರದಲ್ಲಿ ಅವರಿಗಾಗಿ ಪ್ರಾರ್ಥಿಸುವುದನ್ನು ಬಿಟ್ಟಿದ್ದೇವೆಯೇ?

ತೀರಿಕೊಂಡ ಅಪ್ಪನನ್ನು ಯಾವ ಒಂದು ವಿಷಯಕ್ಕಾಗಿ ನಾನು ಇನ್ನೂ ಕ್ಷಮಿಸಿಲ್ಲ?

ನಮ್ಮ ಧರ್ಮಕೇಂದ್ರದಲ್ಲಿ ಹೆಸರು ಹಿಡಿದು ನೆನೆಯುವವರೇ ಇಲ್ಲದ ಮಾಜಿ ಸೈನಿಕರ ಸಮಾಧಿ ಇದೆಯೇ? ಅವರ ಹೆಸರನ್ನು ಈ ವರ್ಷ ಪೂಜೆಗೆ ಕೊಡುವವರು ಯಾರು?

ಯೂದ ಮಕ್ಕಬಿಯ ಕಾಣಿಕೆ ಎತ್ತಿದ್ದು ಪಡೆಯ ಪ್ರತಿಯೊಬ್ಬನಿಂದ. ಸತ್ತವರ ಬಂಧುಗಳಿಂದ ಮಾತ್ರ ಅಲ್ಲ. ಕೊನೆಯ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಭಾನುವಾರ ಪೂಜೆ ಮುಗಿದ ಮೇಲೆ ಸಮಾಧಿಭೂಮಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ.